ಮೀಟರುಗಳ ಅಕ್ಕೋರು

ಅಕ್ಕೋರು ತೀರಿಕೊಂಡ ಮೇಲಿನ ಭಾನುವಾರ ಮುಂಬಯಿಯ ದಾದರಿನ ಒಂದು ಚಿಕ್ಕ ಹಾಲಿನಲ್ಲಿ ಶ್ರದ್ಧಾಂಜಲಿ ಸಭೆ ಇಟ್ಟುಕೊಂಡಿದ್ದರು. ಮಾತಾಡಿದವರು ಬೇರೆ ಬೇರೆ ಊರಿನವರು, ಬೇರೆ ಬೇರೆ ಆಫೀಸಿನವರು. ಆದರೆ ಒಂದು ಮಾತನ್ನು ಮಾತ್ರ ಯಾರೂ ಬಿಡಲಿಲ್ಲ: ಆಕೆ ಜನ್ಮದಲ್ಲಿ ಒಂದೂ ಸುಳ್ಳು ಆಡಿದವರಲ್ಲ. ಮೈಕಿನ ಮುಂದೆ ಒಬ್ಬರಾದ ಮೇಲೊಬ್ಬರು ಇದನ್ನೇ ಹೇಳುತ್ತಿದ್ದಾಗ ನನ್ನ ಪಕ್ಕದಲ್ಲಿ ಕೂತಿದ್ದ ಕ್ಯಾಂಟೀನ್ ಭಟ್ಟರು ಮೆಲ್ಲಗೆ ನನ್ನ ಮೊಣಕಾಲು ಒತ್ತಿದರು. ನಾನು ಅವರ ಕಡೆ ನೋಡಲಿಲ್ಲ. ನೋಡಿದ್ದರೆ ಇಬ್ಬರೂ ನಕ್ಕುಬಿಡುತ್ತಿದ್ದೆವು, ಸಾವಿನ ಸಭೆಯಲ್ಲಿ ಮಾನ ಹೋಗುತ್ತಿತ್ತು.

ಆಕೆ ಒಂದು ಸುಳ್ಳು ಹೇಳಿದ್ದರು. ಅದನ್ನೂ ಕದ್ದುಮುಚ್ಚಿ ಅಲ್ಲ, ಕಂಪನಿಯ ಅತಿ ದೊಡ್ಡ ಮನುಷ್ಯನ ಎದುರಿಗೆ, ತಲೆ ತಗ್ಗಿಸಿ, ಮುಖ ಸಣ್ಣದು ಮಾಡಿಕೊಂಡು. ಅಷ್ಟು ಅಚ್ಚುಕಟ್ಟಾದ ಸುಳ್ಳನ್ನು ನಾನು ಆಮೇಲೆ ಎಲ್ಲೂ ಕೇಳಿಲ್ಲ.

ಎಂಬತ್ತರ ದಶಕದ ಕೊನೆಯಲ್ಲಿ ನಾನು ಮೈಸೂರಿನಿಂದ ಮುಂಬಯಿಗೆ ಬಂದು ವಿಕ್ರೋಳಿಯ ಒಂದು ಪಂಪು ಫ್ಯಾಕ್ಟರಿಯಲ್ಲಿ ಕೆಲಸಕ್ಕೆ ಸೇರಿದೆ. ಅಲ್ಲಿ ಹೊಸದಾಗಿ ಒಂದು ಕಂಪ್ಯೂಟರು ತಂದಿದ್ದರು. ಯಾವ ಶಾಪಿನಲ್ಲಿ ಎಷ್ಟು ಕರೆಂಟು ಖರ್ಚಾಗುತ್ತಿದೆ ಎಂದು ಅದು ಕೂತಲ್ಲೇ ಹೇಳಬೇಕು, ಹಾಗೆ ಹೇಳುವಂತೆ ಪ್ರೋಗ್ರಾಂ ಬರೆಯುವುದು ನನ್ನ ಕೆಲಸ. ನನ್ನ ಮೇಲಧಿಕಾರಿ ಯಾರೆಂದು ಕೇಳಿದಾಗ ಗೇಟಿನವನು ಬೆರಳು ತೋರಿಸಿದ. ನಾಲ್ಕಡಿ ಹತ್ತಂಗುಲದ ಹೆಂಗಸೊಬ್ಬರು ಇಳಕಲ್ ಸೀರೆಯ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಇಬ್ಬರು ಎಲೆಕ್ಟ್ರಿಷಿಯನ್ನರನ್ನು ಮರಾಠಿಯಲ್ಲಿ ಬೈಯುತ್ತ ನಿಂತಿದ್ದರು. ತುರುಬಿನಲ್ಲಿ ಮಲ್ಲಿಗೆ ಇರಬೇಕಾದ ಜಾಗದಲ್ಲಿ ಒಂದು ಟೆಸ್ಟರ್ ಸಿಕ್ಕಿಸಿದ್ದರು. ಇಡೀ ಫ್ಯಾಕ್ಟರಿಯ ವಿದ್ಯುತ್ ವಿಭಾಗ ಆಕೆಯ ಕೈಯಲ್ಲಿತ್ತು.

ನಾನು ಹೋಗಿ, "ನಮಸ್ಕಾರ ಮೇಡಂ," ಎಂದೆ.

"ಮೇಡಂ ಅನಬ್ಯಾಡ ತಮ್ಮಾ. ನಂಗ ಸೀರಿ ಅಂಗಡ್ಯಾಗ ನಿಂತಂಗ ಆಗ್ತದ," ಎಂದರು. "ಅಕ್ಕೋರ ಅನ್ನು. ಧಾರವಾಡದಾಗ ಒಂದು ವರ್ಷ ಸಾಲಿ ಕಲಿಸೀನಿ. ಆ ಹೆಸರು ಇನ್ನೂ ಸವದಿಲ್ಲ."

ಇಂಜಿನಿಯರಿಂಗ್ ಪಾಸಾದ ಹುಡುಗಿಗೆ ಆ ಕಾಲದಲ್ಲಿ ಕೆಲಸ ಕೊಡುವವರು ಸಿಗಲಿಲ್ಲವಂತೆ. ಅದಕ್ಕೇ ಒಂದು ವರ್ಷ ಹೆಣ್ಣುಮಕ್ಕಳ ಶಾಲೆಯಲ್ಲಿ ಗಣಿತ ಹೇಳಿಕೊಟ್ಟರು. ಆಮೇಲೆ ಮದುವೆಯಾಗಿ ಡೊಂಬಿವಲಿಗೆ ಬಂದು, ಈ ಫ್ಯಾಕ್ಟರಿಯಲ್ಲಿ ಕೆಲಸ ಹಿಡಿದು, ಗಂಡ ಬೇಗ ಹೋದರೂ ಮಗಳನ್ನು ಓದಿಸಿ, ನಾನು ಸೇರುವ ಹೊತ್ತಿಗೆ ರಿಟೈರ್‌ಮೆಂಟಿನ ಹತ್ತಿರ ಬಂದಿದ್ದರು. ದಿನಾ ಲೋಕಲ್ ರೈಲಿನ ಲೇಡೀಸ್ ಡಬ್ಬಿಯಲ್ಲಿ ತೊಗರಿಕಾಯಿ ಬಿಡಿಸುತ್ತ ಬರುವವರು, ಮನೆಗೆ ಹೋಗುವಾಗ ಮೆಂತ್ಯ ಸೊಪ್ಪು ಬಿಡಿಸುತ್ತ ಹೋಗುವವರು. ಫ್ಯಾಕ್ಟರಿಯೊಳಗೆ ಬಿಡಿಸುತ್ತಿದ್ದದ್ದು ಜನರ ಜಂಬ.

ಮೊದಲು ನನ್ನದನ್ನೇ ಬಿಡಿಸಿದರು. ನಾನು ಮಾಡಿದ ಪ್ರೋಗ್ರಾಂ ಹೇಗಿತ್ತೆಂದರೆ, ಪ್ರತಿ ಮೀಟರಿಗೆ ಒಂದು ನಂಬರು. ಕಂಪ್ಯೂಟರು ಒಂದೊಂದೇ ನಂಬರು ಕೂಗುತ್ತದೆ, ಆ ನಂಬರಿನ ಮೀಟರು ತನ್ನ ವೋಲ್ಟು, ಆಂಪಿಯರು, ಕಿಲೋವ್ಯಾಟು ಎಲ್ಲ ಒಪ್ಪಿಸುತ್ತದೆ. ಏಳು ಎಂದು ಬಂದರೆ ಪೇಂಟ್ ಶಾಪ್, ಹನ್ನೊಂದು ಎಂದರೆ ಕ್ಯಾಂಟೀನ್, ಹೀಗೆ ನಂಬರಿನ ಎದುರಿಗೆ ನಾನು ಹೆಸರು ಕಟ್ಟಿದ್ದೆ. ಕಪ್ಪು ಪರದೆಯ ಮೇಲೆ ಹಸಿರು ಅಕ್ಷರಗಳಲ್ಲಿ ಇಡೀ ಫ್ಯಾಕ್ಟರಿ ಸಾಲಾಗಿ ಬಂದು ನಿಂತಾಗ ನನಗೆ ನಾನೇ ಕಟ್ಟಿಸಿದ ಊರು ನೋಡಿದಷ್ಟು ಹೆಮ್ಮೆಯಾಗಿತ್ತು.

ಅಕ್ಕೋರು ಕನ್ನಡಕ ಏರಿಸಿ ನೋಡಿದರು. "ಹನ್ನೊಂದು ಕ್ಯಾಂಟೀನ್ ಅಂತ ನಿಂಗ ಯಾರ ಹೇಳಿದ್ರು?"

"ನಾನೇ ಬರ್ದಿದ್ದೀನಲ್ಲ ಅಕ್ಕೋರೆ."

"ನೀ ಬರದೀ. ಮೀಟರಿಗೆ ಗೊತ್ತದ ಏನು?"

ಆಗ ಅವರು ಧಾರವಾಡದ ಶಾಲೆಯ ಕತೆ ಹೇಳಿದರು. ತರಗತಿಯಲ್ಲಿ ಹತ್ತು ಬಗೆಯ ದನಿ ತೆಗೆಯುವ ಹುಡುಗಿಯೊಬ್ಬಳಿದ್ದಳಂತೆ. ಗೆಳತಿಯರೆಲ್ಲ ಮ್ಯಾಟಿನಿಗೆ ಹೋದ ದಿನ ಅವರೆಲ್ಲರ ಪರವಾಗಿ ಅವಳೊಬ್ಬಳೇ ಹಾಜರಿ ಹೇಳುತ್ತಿದ್ದಳಂತೆ. ಅಕ್ಕೋರು ತಲೆ ಬಗ್ಗಿಸಿ ಹೆಸರು ಕೂಗುವುದು, ಹಿಂದಿನಿಂದ ಥರಾವರಿ ಕಂಠದಲ್ಲಿ ಹಾಜರ್, ಹಾಜರ್ ಎಂದು ಬರುವುದು. ಒಂದು ದಿನ ತಲೆ ಎತ್ತಿ ನೋಡಿದರೆ ಹಿಂದಿನ ಬೆಂಚು ಪೂರಾ ಖಾಲಿ.

"ಅವತ್ತಿನಿಂದ ಕಲತೆ ತಮ್ಮಾ," ಎಂದರು. "ಹೆಸರು ಕೂಗಿದ್ರ ಸಾಲೂದಿಲ್ಲ. ಓ ಅಂದವರ ಮಾರಿ ನೋಡಬೇಕು."

ಮಾರಿ, ಅಂದರೆ ಮುಖ, ನೋಡುವ ವಿಧಾನ ಹೀಗಿತ್ತು. ಅಕ್ಕೋರು ಕೆಳಗೆ ಪ್ಯಾನೆಲ್ ರೂಮಿನಲ್ಲಿ ನಿಲ್ಲುವುದು, ನಾನು ಮೇಲೆ ಕಂಪ್ಯೂಟರಿನ ಮುಂದೆ ಕೂರುವುದು, ನಡುವೆ ಇಂಟರ್‌ಕಾಮ್. "ಪೇಂಟ್ ಶಾಪ್ ಬಂದ್ ಮಾಡ್ಲಿಕ್ಕತ್ತೀನಿ," ಎನ್ನುವರು. ಸ್ವಿಚ್ಚು ಇಳಿದ ಸದ್ದು ಫೋನಿನಲ್ಲೇ ಕೇಳುತ್ತಿತ್ತು. ಪರದೆಯ ಮೇಲೆ ಪೇಂಟ್ ಶಾಪ್ ಎಂಬ ಹೆಸರಿನ ಎದುರಿನ ಅಂಕಿಯೇ ಸೊನ್ನೆಗೆ ಬಿದ್ದರೆ ನಾನು, "ಹಾಜರ್ ಅಕ್ಕೋರೆ," ಎನ್ನಬೇಕು. ಬೇರೆ ಯಾವುದೋ ಸಾಲು ಬಿದ್ದರೆ ನನಗೆ ಅವತ್ತು ಗ್ರಹಚಾರ. ಮೊದಲ ದಿನವೇ ಮೂರು ಸಾಲು ಅದಲುಬದಲಾಗಿದ್ದು ಸಿಕ್ಕಿತು. ವೆಲ್ಡಿಂಗ್ ಶಾಪ್ ಎಂದು ನಾನು ಹೆಮ್ಮೆಯಿಂದ ತೋರಿಸುತ್ತಿದ್ದದ್ದು ಪಾರ್ಕಿಂಗಿನ ದೀಪಗಳ ಲೆಕ್ಕವಾಗಿತ್ತು. ಅಲ್ಲಿಂದಾಚೆ ತಿಂಗಳಿಗೊಮ್ಮೆ, ಯಾವ ಮೀಟರನ್ನು ಬಿಚ್ಚಿ ಹಾಕಿದರೂ ಆ ದಿನವೇ, ಹಾಜರಿ ತಪ್ಪುತ್ತಿರಲಿಲ್ಲ.

ಇನ್ನು ಭಟ್ಟರ ಸಂಗತಿ. ಕುಂದಾಪುರದ ಕಡೆಯವರು, ಫ್ಯಾಕ್ಟರಿಯ ಕ್ಯಾಂಟೀನನ್ನು ಬಹಳ ವರ್ಷಗಳಿಂದ ನಡೆಸಿಕೊಂಡು ಬಂದಿದ್ದರು. ಅವರಿಗೂ ಅಕ್ಕೋರಿಗೂ ದಿನಾ ಮಧ್ಯಾಹ್ನ ಜಗಳ. ಕಾರಣ ಸಾಂಬಾರು.

"ಭಟ್ಟರ, ಇದು ಸಾಂಬಾರೋ, ಪಾಯಸೋ? ಬೆಲ್ಲದ ಡಬ್ಬಿ ಕೈಜಾರಿ ಬಿತ್ತೇನು?"

"ನೀವು ಹೇಳಿದಷ್ಟು ಖಾರ ಹಾಕ್ಲಿಕ್ಕೆ ಇದೇನು ಕ್ಯಾಂಟೀನಾ, ಬೆಂಕಿ ಪೆಟ್ಟಿಗೆಯಾ ಮಾರಾಯ್ರೆ? ಊಟ ಆದವರು ಮಷಿನ್ ಹತ್ರ ನಿಲ್ಲುದು ಬೇಡ್ವಾ?"

ಬೈಯುತ್ತಲೇ ಅಕ್ಕೋರು ಎರಡನೇ ಸಲ ಹಾಕಿಸಿಕೊಳ್ಳುತ್ತಿದ್ದರು. ಚೀಲದಿಂದ ಕೆಂಪು ಚಟ್ನಿ ಪುಡಿಯ ಡಬ್ಬಿ ತೆಗೆದು ಸಾಂಬಾರಿಗೇ ಸುರಿದುಕೊಂಡು, ಎದುರಿಗೆ ನಿಂತ ಭಟ್ಟರಿಗೆ ಅದನ್ನು ತೋರಿಸಿ ತೋರಿಸಿ ತಿನ್ನುತ್ತಿದ್ದರು. ಶಾಪಿನ ಹುಡುಗರು ಊಟಕ್ಕಿಂತ ಇದನ್ನು ನೋಡಲು ಬರುತ್ತಿದ್ದರೇನೋ. ಅವರಲ್ಲಿ ಬಹಳ ಮಂದಿ ನನ್ನ ಹಾಗೆ ಚಾಳಿನ ಖೋಲಿಗಳಲ್ಲಿ ಏಳೆಂಟು ಜನ ಸೇರಿ ಇರುವವರು. ಬಿಸಿ ಅನ್ನ ಅನ್ನುವುದನ್ನು ನಾವು ನೋಡುತ್ತಿದ್ದದ್ದು ಅಲ್ಲಿ ಮಾತ್ರ.

ಹೀಗಿರುವಾಗ ಲೈಟ್ ಬಿಲ್ಲು ಏರಿತು. ಫೋರ್ಟ್ ಬಡಾವಣೆಯ ಹೆಡ್ ಆಫೀಸಿನಿಂದ, ಖರ್ಚು ಇಳಿಸಿ ಎಂದು ಕಟ್ಟಪ್ಪಣೆ ಬಂತು. ನಮ್ಮ ಜನರಲ್ ಮ್ಯಾನೇಜರರು ವರದಿ ಕೇಳಿದರು. ನಾವು ಕೊಟ್ಟ ವರದಿ ಸ್ಪಷ್ಟವಾಗಿತ್ತು: ಮಷಿನ್‌ಗಳನ್ನು ಬಿಟ್ಟರೆ ಅತಿ ಹೆಚ್ಚು ನುಂಗುತ್ತಿರುವುದು ಆಫೀಸ್ ಕಟ್ಟಡದ ಏರ್ ಕಂಡೀಷನ್.

ಜಿ.ಎಂ. ಸಾಹೇಬರ ಬಗ್ಗೆ ಒಂದು ಮಾತು ಹೇಳಲೇಬೇಕು. ಮನುಷ್ಯ ಕೆಟ್ಟವರಲ್ಲ. ಆದರೆ ಅವರಿಗೆ ಚಳಿ ಅಂದರೆ ದೊಡ್ಡಸ್ತಿಕೆ. ಹೊರಗೆ ಮುಂಬಯಿ ಬೆವರಿ ನೀರಾಗುತ್ತಿದ್ದರೆ ಅವರು ಕ್ಯಾಬಿನ್ನಿನಲ್ಲಿ ತೋಳಿಲ್ಲದ ಸ್ವೆಟರ್ ಹಾಕಿಕೊಂಡು ಬಿಸಿ ಚಹಾ ಕುಡಿಯುತ್ತಿದ್ದರು. ಅವರ ಸೆಕ್ರೆಟರಿ ಪಾಪ ಶಾಲು ಹೊದ್ದು ಟೈಪ್ ಮಾಡುತ್ತಿದ್ದಳು. ಯಾರೂ ಕೂರದ ಕಾನ್ಫರೆನ್ಸ್ ಹಾಲಿನಲ್ಲೂ ಬೆಳಗಿನಿಂದ ಸಂಜೆವರೆಗೆ ತಂಪು ಸುರಿಯುತ್ತಿತ್ತು.

ಸಾಹೇಬರು ವರದಿ ನೋಡಿ ಎ.ಸಿ.ಯ ಸಾಲಿನ ಮೇಲೆ ಕೆಂಪು ಪೆನ್ನಿನಿಂದ ಗೀಟು ಎಳೆದರು. "ಇದು ಅತ್ಯಗತ್ಯ. ಕಂಪ್ಯೂಟರಿಗೆ ಸೆಕೆ ಆಗಬಾರದು. ಈ ಸಾಲು ಇನ್ನು ವರದಿಯಲ್ಲಿ ಬರುವುದೇ ಬೇಡ," ಎಂದರು. ನನ್ನ ಒಂದು ಕಂಪ್ಯೂಟರಿನ ಹೆಸರಿನಲ್ಲಿ ಮೂರು ಮಹಡಿ ತಣ್ಣಗಾಗುತ್ತಿತ್ತು. ಅಕ್ಕೋರು ವಾದ ಮಾಡಿದರು, ಮತ್ತೆ ಮತ್ತೆ ಹೋಗಿ ಹೇಳಿದರು. ಸಾಹೇಬರು ಕೇಳಲಿಲ್ಲ. ವರದಿಯಿಂದಲೂ ಪರದೆಯಿಂದಲೂ ಆ ಸಾಲು ಅಳಿಸಿದ ಮೇಲೆ ಉಳಿದ ಪಟ್ಟಿಯಲ್ಲಿ ಕತ್ತರಿಸಲು ಸಿಕ್ಕಿದ್ದು ಒಂದೇ, ಕ್ಯಾಂಟೀನು. ದೀಪಾವಳಿಯಿಂದ ಅಡಿಗೆ ಬಂದ್, ಹೊರಗಿನಿಂದ ತಣ್ಣನೆಯ ಪ್ಯಾಕೆಟ್ ಊಟ ತರಿಸುವುದು ಎಂದು ತೀರ್ಮಾನವಾಯಿತು. ಭಟ್ಟರು ಆ ದಿನ ಬಡಿಸುವಾಗ ಮಾತಾಡಲಿಲ್ಲ. ಅಕ್ಕೋರೂ ಸಾಂಬಾರಿನ ಬಗ್ಗೆ ಒಂದಕ್ಷರ ಎತ್ತಲಿಲ್ಲ.

ಅದರ ಹಿಂದೆಯೇ ಖಂಡೇನವಮಿ ಬಂತು, ನಾವು ಮೈಸೂರಿನವರು ಆಯುಧಪೂಜೆ ಅನ್ನುತ್ತೇವೆ. ಎಲ್ಲ ಫ್ಯಾಕ್ಟರಿಗಳಲ್ಲೂ ಮಷಿನ್‌ಗಳಿಗೆ ಪೂಜೆ ಆಗುತ್ತದೆ, ನಮ್ಮಲ್ಲಿ ಮಾತ್ರ ಮೀಟರುಗಳಿಗೂ ಆಗುತ್ತಿತ್ತು. ಅದು ಅಕ್ಕೋರ ಪದ್ಧತಿ. ರಜೆಯ ದಿನ ಕರೆಂಟು ನಿಲ್ಲಿಸಿ, ಪ್ಯಾನೆಲ್ಲಿನಿಂದ ಮೀಟರುಗಳನ್ನು ಒಂದೊಂದಾಗಿ ಬಿಚ್ಚಿ, ಧೂಳು ಒರೆಸಿ, ಬಿಳಿ ಬಟ್ಟೆ ಹಾಸಿದ ಮೇಜಿನ ಮೇಲೆ ಸಾಲಾಗಿ ಕೂರಿಸಿ, ಕುಂಕುಮ, ಚೆಂಡು ಹೂವು, ಊದುಬತ್ತಿ. ಎಲ್ಲ ಒಂದೇ ಕಂಪನಿಯ ಒಂದೇ ಅಳತೆಯ ಮೀಟರುಗಳು, ಬಿಚ್ಚಿದ ಮೇಲೆ ಯಾವುದು ಯಾವುದೋ ತಿಳಿಯುವುದಿಲ್ಲ. ಅದಕ್ಕೇ ಅಕ್ಕೋರು ಬಿಚ್ಚುವ ಮೊದಲೇ ಪ್ರತಿ ಮೀಟರಿಗೆ ಒಂದು ಬಣ್ಣದ ದಾರ, ಅದು ಕೂತಿದ್ದ ಜಾಗಕ್ಕೂ ಅದೇ ಬಣ್ಣದ ದಾರ ಕಟ್ಟಿಸುತ್ತಿದ್ದರು. ಆ ವರ್ಷ ಕಟ್ಟಿದವನು ನಾನೇ. ಕ್ಯಾಂಟೀನಿಗೆ ಕೆಂಪು, ಎ.ಸಿ.ಗೆ ಹಸಿರು.

ಪೂಜೆ ಮುಗಿಯಿತು. ನಾವೆಲ್ಲ ಪೇಢೆ ತಿನ್ನಲು ಹೊರಗೆ ಹೋದೆವು. ನಾವು ಬರುವಷ್ಟರಲ್ಲಿ ಅಕ್ಕೋರು ಮೀಟರುಗಳನ್ನು ತಾವೇ ಕೂರಿಸಿ ಮುಗಿಸಿ ಕೈ ಒರೆಸಿಕೊಳ್ಳುತ್ತಿದ್ದರು. ದಾರಗಳನ್ನು ಬಿಚ್ಚಿ ಹೂವಿನ ಜೊತೆ ಕಸದ ಬುಟ್ಟಿಗೆ ಹಾಕಿದ್ದೂ ಆಗಿತ್ತು.

"ಹಾಜರಿ ತಗೊಳ್ಳೋಣ್ವಾ ಅಕ್ಕೋರೆ?" ಎಂದು ನಾನು ಕೇಳಿದೆ.

"ಇವತ್ತ ಹಬ್ಬದ ದಿನ, ಸಾಲಿ ಸೂಟಿ," ಎಂದರು. ಹಾಜರಿ ಬಿಟ್ಟದ್ದು ಅದೇ ಮೊದಲು.

ಹಬ್ಬ ಕಳೆದು ಫ್ಯಾಕ್ಟರಿ ಶುರುವಾದಾಗ ಕ್ಯಾಂಟೀನಿನ ಅಂಕಿ ನೋಡಿ ನನ್ನ ಕಣ್ಣು ಮೇಲಾಯಿತು. ಮೊದಲಿನದಕ್ಕೆ ಹೋಲಿಸಿದರೆ ಎಷ್ಟೋ ಪಟ್ಟು ಏರಿಬಿಟ್ಟಿತ್ತು. ಓಡಿ ಹೋಗಿ ಅಕ್ಕೋರಿಗೆ ಹೇಳಿದೆ.

"ದೀಪಾವಳಿ ಬಂತಲ್ಲ. ಚಕ್ಕಲಿ ಕರೀಲಿಕ್ಕತ್ತಿರಬೇಕು," ಎಂದರು, ಮೆಂತ್ಯದ ಕಟ್ಟು ಬಿಚ್ಚುತ್ತ.

"ಒಂದ್ಸಲ ಹಾಜರಿ..."

"ನಾ ಹೇಳಿದಾಗ ತಗೊಳ್ಳೋಣು. ನೀ ಬಾಯಿ ಮುಚಗೊಂಡು ವರದಿ ಕೊಡು."

ಕೊಟ್ಟೆ. ಜಿ.ಎಂ. ಸಾಹೇಬರು ಹಿರಿಹಿರಿ ಹಿಗ್ಗಿದರು. ತಾವು ಅಂದುಕೊಂಡದ್ದೇ ಸರಿ, ಕ್ಯಾಂಟೀನೇ ಕಳ್ಳ ಎಂದು ಕಾರಿಡಾರಿನಲ್ಲೆಲ್ಲ ಹೇಳಿಕೊಂಡು ಬಂದರು. ಭಟ್ಟರು ನನ್ನ ಟೇಬಲ್ಲಿಗೆ ಬಂದು ನಿಂತರು. "ಎರಡು ಗ್ರೈಂಡರು, ಒಂದು ಬಾಯ್ಲರು, ನಾಲ್ಕು ಹಾಟ್ ಪ್ಲೇಟು ಉಂಟು ನನ್ನ ಹತ್ರ. ಇಷ್ಟು ಕರೆಂಟಿಗೆ ನಾನು ಎಂತ ವಿಮಾನ ಹಾರಿಸ್ತೇನಾ ಅಲ್ಲಿ?" ಎಂದರು. ಕ್ಯಾಂಟೀನ್ ಹೋದರೆ ಹೋಯಿತು, ಕಳ್ಳ ಅನ್ನುವ ಹೆಸರು ಹೊತ್ತುಕೊಂಡು ಊರಿಗೆ ಹೋಗುವುದು ಹೇಗೆ ಎಂದು ಅವರು ಕೇಳಿದಾಗ ನಾನು ಪರದೆಯ ಕಡೆ ಮುಖ ತಿರುಗಿಸಿಕೊಂಡೆ.

ಫೋರ್ಟಿನಿಂದ ಕಂಪನಿಯ ದೊಡ್ಡ ಸಾಹೇಬರು, ಮ್ಯಾನೇಜಿಂಗ್ ಡೈರೆಕ್ಟರು, ಈ ಹೊಸ ಕಂಪ್ಯೂಟರಿನ ಚಮತ್ಕಾರ ನೋಡಲು ಬರುತ್ತಾರೆಂದು ಸುದ್ದಿಯಾಯಿತು. ಬಂದದ್ದು ಅಕ್ಟೋಬರಿನ ಒಂದು ಮಧ್ಯಾಹ್ನ. ಮುಂಬಯಿಯ ಅಕ್ಟೋಬರ್ ಬಿಸಿಲು ಗೊತ್ತಿದ್ದವರಿಗೆ ಬೇರೆ ಹೇಳಬೇಕಾಗಿಲ್ಲ. ಕಂಪ್ಯೂಟರ್ ರೂಮಿಗೆ ಚಪ್ಪಲಿ ಹಾಕಿ ಬರುವಂತಿಲ್ಲ ಎಂಬ ನಿಯಮ ಆಗೆಲ್ಲ ಇತ್ತು. ಹಾಗಾಗಿ ಕೋಟಿಗಟ್ಟಲೆ ವ್ಯವಹಾರ ಮಾಡುವ ಆ ಮುದುಕರು, ಜಿ.ಎಂ. ಸಾಹೇಬರು, ಅಕೌಂಟ್ಸಿನ ಮುಖ್ಯಸ್ಥರು ಎಲ್ಲರೂ ಬರೀ ಕಾಲುಚೀಲದಲ್ಲಿ ನನ್ನ ಪರದೆಯ ಹಿಂದೆ ನಿಂತರು. ಜಿ.ಎಂ. ಸಾಹೇಬರ ಎಡಗಾಲಿನ ಹೆಬ್ಬೆರಳು ಚೀಲದಿಂದ ಹೊರಗೆ ಇಣುಕುತ್ತಿತ್ತು. ಅಕ್ಕೋರು ಅದನ್ನೇ ಬಹಳ ಭಕ್ತಿಯಿಂದ ನೋಡುತ್ತಿದ್ದರು.

"ಚೋರ್ ಪಕಡಾ ಗಯಾ, ಸರ್," ಎಂದು ಜಿ.ಎಂ. ಸಾಹೇಬರು ಕಳ್ಳನನ್ನು ಹಿಡಿದ ಗತ್ತಿನಲ್ಲಿ ಕ್ಯಾಂಟೀನಿನ ಸಾಲಿನ ಮೇಲೆ ಬೆರಳಿಟ್ಟರು.

ದೊಡ್ಡ ಸಾಹೇಬರು ಹುಬ್ಬೇರಿಸಿದರು. ಇಷ್ಟೊಂದೇ ಎಂದು ಕೇಳಿದರು.

"ಇಷ್ಟೊಂದು. ನನ್ನದು ಒಂದೇ ನಿಯಮ ಸರ್. ಪಂಪು ತಯಾರಿಸಲು ಬೇಕಿಲ್ಲದ ಯಾವುದೇ ಇರಲಿ, ಇಷ್ಟು ಕರೆಂಟು ತಿಂದರೆ ಕಡೇಪಕ್ಷ ಅರ್ಧಕ್ಕಾದರೂ ಇಳಿಸಬೇಕು. ಯಾರದ್ದೇ ಆಗಿರಲಿ, ವಿನಾಯಿತಿ ಇಲ್ಲ."

ಅಕ್ಕೋರು ವಿನಯದಿಂದ ಮುಂದೆ ಬಂದರು. "ಲಿಖ್ ಲೂಂ ಸಾಹೇಬ್? ಕಲ್ ಕೋಯಿ ಆಕೇ ಬೋಲೇಗಾ, ಮೇರಾ ಮತ್ ಕಾಟೋ." ಬರೆದಿಟ್ಟುಕೊಳ್ಳದಿದ್ದರೆ ನಾಳೆ ಯಾರಾದರೂ ಬಂದು ನನ್ನದನ್ನು ಕತ್ತರಿಸಬೇಡಿ ಎಂದಾರು ಎಂಬ ಚಿಂತೆ ಅವರದು.

"ಜರೂರ್ ಲಿಖೋ," ಎಂದರು ದೊಡ್ಡ ಸಾಹೇಬರು. ಅಕ್ಕೋರು ಬರೆದರು, ಓದಿ ಹೇಳಿದರು, ಜಿ.ಎಂ. ಸಾಹೇಬರಿಂದ ಸಹಿ ಮಾಡಿಸಿಕೊಂಡರು. ಆಮೇಲೆ, ಏನೋ ಈಗಷ್ಟೇ ಹೊಳೆದವರ ಹಾಗೆ, "ಸಾಹೇಬ್ ಬಂದೇ ಇದ್ದೀರಿ, ಕಳ್ಳನನ್ನು ಈಗಲೇ ಬಂದ್ ಮಾಡಿ ತೋರಿಸಲೇ? ಅಂಕಿ ಹೇಗೆ ಬೀಳುತ್ತದೆ ನೋಡಬಹುದು," ಎಂದು ಹಿಂದಿಯಲ್ಲಿ ಕೇಳಿದರು. ದೊಡ್ಡ ಸಾಹೇಬರಿಗೆ ಚಮತ್ಕಾರ ಬೇಕಾಗಿತ್ತು, ತಲೆಯಾಡಿಸಿದರು. ಅಕ್ಕೋರು ನನ್ನ ಬೆನ್ನು ತಟ್ಟಿ, "ತಮ್ಮಾ, ಹಾಜರಿ," ಎಂದು ಹೇಳಿ ಕೆಳಗಿಳಿದು ಹೋದರು.

ಇಂಟರ್‌ಕಾಮ್ ಗಂಟೆ ಹೊಡೆಯಿತು. "ಕ್ಯಾಂಟೀನ್ ಬಂದ್ ಮಾಡ್ಲಿಕ್ಕತ್ತೀನಿ." ಸ್ವಿಚ್ಚು ಬಿದ್ದ ಸದ್ದು ಕೇಳಿತು.

ಅಂಕಿ ಅಲ್ಲಾಡಲಿಲ್ಲ.

"ಹಾಜರ್ ಇಲ್ಲ ಅಕ್ಕೋರೆ," ಎಂದೆ. ಜಿ.ಎಂ. ಸಾಹೇಬರು ಪರದೆಯನ್ನು ಒಮ್ಮೆ ಕುಟ್ಟಿ ನೋಡಿದರು. ಅಷ್ಟರಲ್ಲಿ ಭಟ್ಟರು ಹೆಗಲ ಮೇಲಿನ ಟವೆಲ್ಲಿನಲ್ಲಿ ಕೈ ಒರೆಸುತ್ತ ಮೆಟ್ಟಿಲು ಹತ್ತಿ ಓಡಿ ಬಂದರು. ಬಾಗಿಲಲ್ಲೇ ನಿಂತು, ದೊಡ್ಡ ಸಾಹೇಬರು ಯಾರೆಂದೂ ತಿಳಿಯದೆ, "ಕರೆಂಟ್ ತೆಗ್ದದ್ದು ಯಾರು? ಇಡ್ಲಿ ಅರ್ಧ ಬೆಂದದ್ದು ಉಂಟು ಅಲ್ಲಿ," ಎಂದು ಗದರಿದರು. ಕ್ಯಾಂಟೀನ್ ನಿಜವಾಗಿಯೂ ಬಂದ್ ಆಗಿದೆ ಎನ್ನುವುದಕ್ಕೆ ಇದಕ್ಕಿಂತ ಸಾಕ್ಷಿ ಬೇಕಿರಲಿಲ್ಲ.

"ಹಂಗಾದ್ರ ಈ ಹೆಸರಿಗೆ ಓ ಅನ್ನೋರು ಯಾರೋ ಬ್ಯಾರೆ," ಎಂದಿತು ಇಂಟರ್‌ಕಾಮ್. "ನೋಡೋಣ ತಡಿ. ಕಾರಿಡಾರ್ ದೀಪ ಬಂದ್." ಅಂಕಿ ಹಾಗೇ ಇತ್ತು. "ಲಿಫ್ಟ್ ಬಂದ್." ಆಗಲೂ ಹಾಗೇ. ಅಕ್ಕೋರಿಗೆ ಯಾವ ಅವಸರವೂ ಇರಲಿಲ್ಲ. ನೀರಿನ ಮೋಟಾರು ಬಂದ್ ಮಾಡಿದರು, ಗೇಟಿನ ಬೆಲ್ಲು ಬಂದ್ ಮಾಡಿದರು. ಕೊನೆಗೆ, "ಎ.ಸಿ. ಬಂದ್," ಎಂದರು.

ತಲೆಯ ಮೇಲಿನ ಜಾಲರಿಯಿಂದ ವರ್ಷಗಳಿಂದ ಬರುತ್ತಿದ್ದ ಗುಂಯ್ ಸದ್ದು ನಿಂತಿತು. ಪರದೆಯ ಮೇಲೆ ಕ್ಯಾಂಟೀನ್ ಎಂಬ ಹೆಸರಿನ ಎದುರಿನ ದೊಡ್ಡ ಅಂಕಿ ಜರ್ರನೆ ಇಳಿದು ಸೊನ್ನೆಯಾಯಿತು.

"ಹಾಜರ್," ಎಂದೆ. ಅಷ್ಟು ಜೋರಾಗಿ ಹೇಳಬೇಕೆಂದು ನಾನು ಅಂದುಕೊಂಡಿರಲಿಲ್ಲ.

ಅಕ್ಕೋರು ಮೇಲೆ ಬರಲು ಬೇಕೆಂದೇ ಹೊತ್ತು ಮಾಡಿದರು. ಕಿಟಕಿಗಳಿಗೆ ಗಾಜು ಜಡಿದು ಮುಚ್ಚಿದ್ದ ಆ ರೂಮಿನಲ್ಲಿ ಎಲ್ಲರ ಅಂಗಿ ಬೆನ್ನಿಗೆ ಅಂಟಿಕೊಂಡಿತು. ಜಿ.ಎಂ. ಸಾಹೇಬರು ಸ್ವೆಟರ್ ಬಿಚ್ಚಿದರು. ಆಮೇಲೆ ಅಕ್ಕೋರು ಬಂದು ದೊಡ್ಡ ಸಾಹೇಬರ ಎದುರು ತಲೆ ತಗ್ಗಿಸಿ ನಿಂತು ಹೇಳಿದರು: "ತಪ್ಪು ನನ್ನದು ಸಾಹೇಬ್. ಪೂಜೆಗೆ ಬಿಚ್ಚಿದ ಮೀಟರುಗಳನ್ನು ಕೂರಿಸುವಾಗ ಎರಡು ಅದಲುಬದಲಾಗಿವೆ. ಇಲ್ಲಿ ಕ್ಯಾಂಟೀನ್ ಅಂತ ತೋರಿಸುತ್ತಿರುವುದು ನಿಜವಾಗಿ ಎ.ಸಿ. ವಯಸ್ಸಾಯಿತು, ಕಣ್ಣು ಮಂಜು."

ದೊಡ್ಡ ಸಾಹೇಬರು ಕರವಸ್ತ್ರದಿಂದ ಕತ್ತು ಒರೆಸಿಕೊಂಡರು. ಪರದೆ ನೋಡಿದರು, ಜಿ.ಎಂ. ಸಾಹೇಬರ ಕೈಯಲ್ಲಿದ್ದ ಸ್ವೆಟರ್ ನೋಡಿದರು, ಸಹಿ ಮಾಡಿದ ಕಾಗದ ನೋಡಿದರು. "ರೂಲ್ ತೋ ಆಪ್ ಹೀ ಕಾ ಹೈ," ನಿಯಮ ನಿಮ್ಮದೇ ತಾನೆ, ಎಂದು ಜಿ.ಎಂ. ಸಾಹೇಬರಿಗೆ ಮೃದುವಾಗಿ ಹೇಳಿ ಬೂಟು ಹುಡುಕಿಕೊಂಡು ಹೊರಗೆ ಹೋದರು.

ಅಲ್ಲಿಗೆ ಎ.ಸಿ. ಅರ್ಧಕ್ಕಿಳಿಯಿತು. ಕಾನ್ಫರೆನ್ಸ್ ಹಾಲಿನ ಕಿಟಕಿಗಳು ತೆರೆದವು, ಸೆಕ್ರೆಟರಿ ಶಾಲು ಮನೆಗೆ ತೆಗೆದುಕೊಂಡು ಹೋದಳು. ಅಷ್ಟರಲ್ಲೇ ಬಿಲ್ಲು ಸಾಕಷ್ಟು ಇಳಿದದ್ದರಿಂದ ಕ್ಯಾಂಟೀನ್ ಉಳಿಯಿತು. ಅಕ್ಕೋರಿಗೆ ಮಾತ್ರ ಒಂದು ಮೆಮೊ ಸಿಕ್ಕಿತು. ಅಳತೆಯ ಉಪಕರಣಗಳ ವಿಷಯದಲ್ಲಿ ಅಜಾಗರೂಕತೆ, ಸರ್ವಿಸ್ ಫೈಲಿನಲ್ಲಿ ಕಪ್ಪು ಚುಕ್ಕೆ. ಅಷ್ಟು ವರ್ಷ ಒಂದೂ ತಪ್ಪು ಮಾಡದವರಿಗೆ ರಿಟೈರಾಗುವ ಹೊತ್ತಿನಲ್ಲಿ ಹೀಗಾಯಿತಲ್ಲ ಎಂದು ನಾನು ನೊಂದುಕೊಂಡೆ. ಅವರು ಅದನ್ನು ಪ್ಯಾನೆಲ್ ರೂಮಿನಲ್ಲಿ ದೇವಿಯ ಪಟದ ಪಕ್ಕ ಅಂಟಿಸಿದರು. ಮುಂದಿನ ಖಂಡೇನವಮಿಗೆ ಅದಕ್ಕೂ ಕುಂಕುಮ ಹಚ್ಚಿದರು.

ಭಟ್ಟರು ಕೃತಜ್ಞತೆಗೆ ಸಾಂಬಾರಿನ ಬೆಲ್ಲ ನಿಲ್ಲಿಸಿದರು. ಅಕ್ಕೋರು ಒಂದು ತುತ್ತು ಉಂಡು ತಟ್ಟೆ ಸರಿಸಿದರು. "ಯಾಕ್ರೀ ಭಟ್ಟರ, ಬೆಲ್ಲ ತುಟ್ಟಿ ಆಗೇದ ಏನು? ಇದನ್ನ ಮನಷ್ಯಾರು ಉಣ್ಣೂದು ಹ್ಯಾಂಗ?" ಮರುದಿನದಿಂದ ಬೆಲ್ಲವೂ ಬಂತು, ಜಗಳವೂ ಬಂತು, ನಮಗೆಲ್ಲ ಜೀವ ಬಂದಂತಾಯಿತು.

ಆದರೆ ಆ ದಾರಗಳು ನನ್ನ ತಲೆಯಿಂದ ಹೋಗಲಿಲ್ಲ. ಕೆಂಪು, ಹಸಿರು ನಾನೇ ಕೈಯಾರೆ ಕಟ್ಟಿದ್ದು. ಮಂಜುಗಣ್ಣಿನವರಿಗೂ ಅವೆರಡು ಒಂದೇ ಆಗಿ ಕಾಣುವುದಿಲ್ಲ. ಲೇಡೀಸ್ ಡಬ್ಬಿಯ ನೂಕುನುಗ್ಗಲಿನಲ್ಲಿ ಸೂಜಿಗೆ ದಾರ ಪೋಣಿಸುವ ಹೆಂಗಸು ಆಕೆ. ಒಂದೆರಡು ಸಲ ಕೇಳಲು ಹೋದೆ. "ಊದಿನಕಡ್ಡಿ ಹಚ್ಚು ಹೋಗು," ಎಂದೋ, "ನಿಂಗ ಮದಿವಿ ವಯಸ್ಸಾತು," ಎಂದೋ ಮಾತು ತಿರುಗಿಸಿದರು. ಆಮೇಲೆ ರಿಟೈರಾದರು. ಬೀಳ್ಕೊಡುಗೆಯ ದಿನ ಜಿ.ಎಂ. ಸಾಹೇಬರು ಫ್ಯಾನಿನ ಕೆಳಗೆ ನಿಂತು ಅವರನ್ನು ಮನಸಾರೆ ಹೊಗಳಿದರು. ಆ ಮೆಮೊವನ್ನು ಫೈಲಿನಿಂದ ತೆಗೆಸುತ್ತೇನೆ ಎಂದೂ ಹೇಳಿದರು. ಅಕ್ಕೋರು ಬೇಡವೆಂದು ಕೈ ಮುಗಿದರು.

ಕೆಲವು ವರ್ಷಗಳಾದ ಮೇಲೆ ಅವರ ಎದೆ ಕೈಕೊಟ್ಟಿತು. ಮುಲುಂಡಿನ ಒಂದು ಆಸ್ಪತ್ರೆಯಲ್ಲಿ ಇದ್ದಾರೆಂದು ಮಗಳು ಫೋನ್ ಮಾಡಿದಳು. ನಾನೂ ಭಟ್ಟರೂ ಹೋದೆವು. ಭಟ್ಟರು ಸ್ಟೀಲ್ ಡಬ್ಬಿಯಲ್ಲಿ ಸಾಂಬಾರು ತಂದಿದ್ದರು, ನರ್ಸು ಬಾಗಿಲಲ್ಲೇ ಕಿತ್ತಿಟ್ಟುಕೊಂಡಳು. ಅಕ್ಕೋರು ಬಹಳ ಇಳಿದುಹೋಗಿದ್ದರು. ತುರುಬಿನ ಟೆಸ್ಟರ್ ಇಲ್ಲದೆ ತಲೆ ಬೋಳುಬೋಳಾಗಿ ಕಂಡಿತು. ಇನ್ನು ಕೇಳದಿದ್ದರೆ ಕೇಳುವುದೇ ಆಗುವುದಿಲ್ಲ ಅನ್ನಿಸಿತು.

"ಅಕ್ಕೋರೆ, ಕೆಂಪು ದಾರದ ಮೀಟರು ಹಸಿರು ದಾರದ ಜಾಗಕ್ಕೆ ಹೇಗೆ ಹೋಯ್ತು?"

"ಅದಕ್ಕೇನು ಕಾಲಿದ್ವೇನು?" ಎಂದರು. "ನಾನಽ ಇಟ್ಟೆ."

ಭಟ್ಟರು ಮಂಚದ ಹತ್ತಿರ ಸರಿದರು. ಅಕ್ಕೋರು ಮುಂದುವರಿಸಿದರು:

"ನಾ ಎ.ಸಿ. ಅಂದ್ರ ಆ ಜಿ.ಎಂ. ಮನಷ್ಯಾಗ ಕಿವಿ ಕೇಳಸ್ತಿದ್ದಿಲ್ಲ. ಕ್ಯಾಂಟೀನ್ ಅಂದ್ರ ಕೇಳಸ್ತಿತ್ತು. ಅದಕ್ಕ ಅವನ ಎ.ಸಿ.ಗೆ ಕ್ಯಾಂಟೀನಿನ ಹೆಸರು ಇಟ್ಟೆ. ತೀರ್ಪು ಅವನ ಬಾಯಿಂದನಽ ಬಂತು. ಕ್ಯಾಂಟೀನ್ ಹೆಂಗೂ ಹೊಂಟಿತ್ತು, ಕಳಕೊಳ್ಳೂದು ಏನಿತ್ತು? ಒಂದು ಮೆಮೊ."

"ಅಂದ್ರೆ ಅಷ್ಟು ದಿನ ಕಳ್ಳ ಅಂತ ನನ್ನ ನಿದ್ರೆ ಕೆಡಿಸಿದ್ದು ನೀವಾ ಮಾರಾಯ್ರೆ?" ಭಟ್ಟರ ಕಣ್ಣಲ್ಲಿ ನೀರಿತ್ತು, ಕೋಪವೂ ಇತ್ತು.

"ಅದು ಸಾಂಬಾರಿಗೆ ಬೆಲ್ಲ ಹಾಕಿದ್ದಕ್ಕ," ಎಂದರು ಅಕ್ಕೋರು.

ಮೂವರೂ ನಕ್ಕೆವು. ನಗುವುದು ಅವರಿಗೆ ಕಷ್ಟವಾಗುತ್ತಿತ್ತು, ಆದರೂ ನಿಲ್ಲಿಸಲಿಲ್ಲ. ನಾನು ಅವರನ್ನು ನೋಡಿದ್ದು ಅದೇ ಕೊನೆ. ಹೊರಡುವ ಮೊದಲು ಇನ್ನೊಂದು ಆಯಿತು, ಅದನ್ನು ದಾದರಿನ ಸಭೆಯಲ್ಲಿ ಹೇಳಲು ನನಗೆ ಬಾಯಿ ಬರಲಿಲ್ಲ.

ಅವರ ಬೆರಳಿಗೆ ಒಂದು ಕ್ಲಿಪ್ ಹಾಕಿ ಅದರ ವೈರನ್ನು ತಲೆಯ ಹಿಂದಿನ ಯಂತ್ರಕ್ಕೆ ಜೋಡಿಸಿದ್ದರು. ಯಂತ್ರದ ಪರದೆಯ ಮೇಲೆ ಹಸಿರು ಅಂಕಿ. ಪಕ್ಕದ ಮಂಚದ ಅಜ್ಜನಿಗೂ ಅಂಥದೇ ಯಂತ್ರ, ಅಂಥದೇ ಅಂಕಿ. ಅಕ್ಕೋರು ಕನ್ನಡಕ ಕೇಳಿ ಹಾಕಿಕೊಂಡು ಬಹಳ ಹೊತ್ತು ನೋಡಿದರು.

"ತಮ್ಮಾ, ಈ ನಂಬರು ನಂದಽ ಅಂತ ಇವರಿಗೆ ಹ್ಯಾಂಗ ಗೊತ್ತು? ವೈರು ನೋಡು, ಕಾಟಿನ ಕೆಳಗ ಹಾದು ಆ ಅಜ್ಜನ ಕಡೆ ಹೋಗ್ಯಾವ. ಯಾರರ ಹಾಜರಿ ತಗೊಂಡಾರೇನು?"

"ಅಕ್ಕೋರೆ, ಬೇಡ," ಎಂದೆ.

"ನೀ ಪರದೆ ಹಂತೇಕ ನಿಂದ್ರು."

ನಿಂತೆ. ಅವರು ಬೆರಳಿನಿಂದ ಕ್ಲಿಪ್ ತೆಗೆದರು. ಅಂಕಿ ಮಾಯವಾಗಿ ಬರೀ ಗೆರೆ ಬಂತು, ಯಂತ್ರ ಕೂಗತೊಡಗಿತು, ಕಾರಿಡಾರಿನಿಂದ ನರ್ಸು ಓಡಿ ಬರುವ ಸದ್ದು ಕೇಳಿತು. ಅಕ್ಕೋರು ಯಾವ ಅವಸರವೂ ಇಲ್ಲದೆ ಕ್ಲಿಪ್ಪನ್ನು ಮತ್ತೆ ಬೆರಳಿಗೆ ಹಾಕಿಕೊಂಡರು. ಗೆರೆ ಅಲ್ಲೇ ನಿಂತಿತ್ತು. ಆಮೇಲೆ ಅಂಕಿ ಮೂಡಿತು.

"ಏನಂತದ?" ಎಂದು ಕೇಳಿದರು.

"ಹಾಜರ್, ಅಕ್ಕೋರೆ."

"ಹೂಂ," ಎಂದು ಅವರು ದಿಂಬಿಗೆ ಒರಗಿದರು. "ನಾನಽ ಇದ್ದೀನಿ ಹಂಗಾದ್ರ."